ಕರೆಂಟು ಬಂದರೆ ಸಾಯುತ್ತಿದ್ದ ಪರದೆ

ಮೊನ್ನೆ ನಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಡಂಗೆ ಸಂತಾಪ ಸಭೆ ಇಟ್ಟುಕೊಂಡಿದ್ದರು. ಆ ಶಾಲೆಯ ಅಡುಗೆಮನೆಯಲ್ಲಿ ಬಹಳ ಕಾಲ ಬಿಸಿಯೂಟ ಬೇಯಿಸಿದವಳು ಎಂದು ನನಗೂ ಹೇಳಿಕಳಿಸಿದ್ದರು. ಹೋಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಮೇಡಂ ಫೋಟೋಗೆ ಸುಗಂಧರಾಜದ ಹಾರ ಹಾಕಿದ್ದರು. ಅವರ ಕಾಲದ ಹೆಡ್‌ಮಾಸ್ಟರು, ಈಗ ನಿವೃತ್ತರು, ಹುಣಸೂರಿನಿಂದ ಬಂದಿದ್ದರು. ಮೈಕು ಹಿಡಿದು ಅದೇ ಹಳೆಯ ಮೆತ್ತನೆಯ ದನಿಯಲ್ಲಿ ಹೇಳಿದರು: "ಅವರು ತಾಳ್ಮೆಯ ಮೂರ್ತಿ. ಪಾಪ, ಕಣ್ಣಿನ ತೊಂದರೆ ಇದ್ದರೂ ಒಂದು ದಿನ ಗೊಣಗಿದವರಲ್ಲ. ನಾವೆಲ್ಲ ಕೈಲಾದ ಸಹಕಾರ ಕೊಟ್ಟೆವು."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಮಾತಾಡುವ ಅಭ್ಯಾಸ ನನಗಿಲ್ಲ. ಏಳನೇ ಕ್ಲಾಸಿಗೆ ಓದು ಮುಗಿಸಿದವಳು, ನಾಲ್ಕು ಜನ ಕೂತ ಕಡೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮ ತಾತ ಇದ್ದಾಗ ಮಾತೆಲ್ಲ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ಮಾತು ಇನ್ನೂ ಕಡಿಮೆಯಾಯಿತು. ಆದರೆ ಬರೆಯಬಲ್ಲೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ. ಮೇಡಂಗೆ ತಾಳ್ಮೆ ಇರಲಿಲ್ಲ. ಅವರು ದಿನಾ ಗೊಣಗಿದರು, ಬಾಗಿಲು ದಡಾರನೆ ಹಾಕಿದರು, ಕೂಗಿದರೆ ಅಡುಗೆಮನೆಯ ಪಾತ್ರೆ ಅದುರುತ್ತಿತ್ತು. ಸಹಕಾರವನ್ನಂತೂ ಯಾರೂ ಕೊಡಲಿಲ್ಲ. ಸತ್ತವರ ಸಿಟ್ಟನ್ನು ಹೀಗೆ ಹಾರದ ಕೆಳಗೆ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

ಅವರು ಕೆ.ಆರ್. ನಗರದಾಚೆ ಮಿರ್ಲೆ ಕಡೆಯವರು. ಎಚ್.ಡಿ. ಕೋಟೆಯಲ್ಲಿ ಒಂದು ರೂಮು ಮಾಡಿಕೊಂಡು ದಿನವೂ ಮೊದಲ ಬಸ್ಸಿಗೆ ಶಾಲೆಗೆ ಬರುತ್ತಿದ್ದರು. ಮೊದಮೊದಲು ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ಮುಖ ಪಕ್ಕಕ್ಕೆ ತಿರುಗಿಸಿಬಿಡುತ್ತಿದ್ದರು. ಎಂಥ ಅಹಂಕಾರ ಎಂದು ನಾನೂ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರ ಕಣ್ಣಿನ ನಡುಭಾಗ ಹಾಳಾಗಿತ್ತು. ನೇರ ನೋಡಿದರೆ ಎದುರಿನವರ ಮುಖದ ಜಾಗದಲ್ಲಿ ಬರೀ ಹೊಗೆ. ಅಂಚಿನಿಂದ ನೋಡಿದರೆ ಒಂದಿಷ್ಟು ಕಾಣುತ್ತಿತ್ತು. ಹಾಗಾಗಿ ಅವರು ಮುಖ ತಿರುಗಿಸಿದರೆ ನಿಮ್ಮನ್ನು ಸರಿಯಾಗಿ ನೋಡುತ್ತಿದ್ದಾರೆ ಎಂದು ಅರ್ಥ. ನೆಟ್ಟಗೆ ನೋಡಿದರೆ ನೀವು ಅವರಿಗೆ ಬೇಕಾಗಿಲ್ಲ ಎಂದು ಅರ್ಥ.

ಬಸ್ಸಿನ ಬೋರ್ಡು ಅವರಿಗೆ ಕಾಣುತ್ತಿರಲಿಲ್ಲ. ಒಂದು ಸಂಜೆ ನಾವಿಬ್ಬರೂ ಬಸ್ಸಿಗೆ ನಿಂತಿದ್ದಾಗ, ಇದು ಎಲ್ಲಿಗೆ ಹೋಗುತ್ತೆ ಎಂದು ಕಂಡಕ್ಟರನನ್ನು ಕೇಳಿದರು.

"ಅಷ್ಟು ದಪ್ಪಕ್ಕೆ ಬರ್ದದಲ್ಲಮ್ಮೋ, ಕಾಣಕಿಲ್ವಾ?" ಎಂದ.

"ಬರ್ದಿರೋದು ಕಾಣೋರಿಗೆ. ನಿನಗೆ ಬಾಯಿ ಕೊಟ್ಟಿರೋದು ನನ್ನಂಥೋರಿಗೆ. ಬಾಯಿ ಬುಟ್ಟು ಹೇಳು," ಎಂದರು. ಬಸ್ಸಿನೊಳಗಿದ್ದವರು ನಕ್ಕರು. ಕಂಡಕ್ಟರ್ ಹೇಳಿದ. ಅವತ್ತಿನಿಂದ ಆ ಬಸ್ಸು ದೂರದಲ್ಲಿರುವಾಗಲೇ ಅವನು ಫುಟ್‌ಬೋರ್ಡಿನ ಮೇಲೆ ನಿಂತು ಊರಿನ ಹೆಸರು ಕೂಗಿಕೊಂಡು ಬರುತ್ತಿದ್ದ.

ಅವರಿಗೆ ಎಲ್ಲಕ್ಕಿಂತ ಆಗದಿದ್ದುದು 'ಪಾಪ' ಎನ್ನುವ ಮಾತು. ಹೆಡ್‌ಮಾಸ್ಟರ ಬಾಯಲ್ಲಿ ಅದು ಉಸಿರಿನ ಜೊತೆಗೇ ಬರುತ್ತಿತ್ತು. ಅವರು ಕೆಟ್ಟವರಾಗಿದ್ದರೆ ಎಷ್ಟೋ ಒಳ್ಳೆಯದಿತ್ತು, ಜಗಳವಾಡಬಹುದಿತ್ತು. ಅವರು ದನಿ ಏರಿಸುತ್ತಿರಲಿಲ್ಲ, ನಗುನಗುತ್ತಲೇ ಮಾತಾಡುತ್ತಿದ್ದರು, ಕುರ್ಚಿ ಎಳೆದು ಕೂರಿಸುತ್ತಿದ್ದರು. "ಪಾಪ ಅನ್ನಿಸ್ಕೊಂಡೋರು ಆಮೇಲೆ ಏನೂ ಕೇಳೋ ಹಂಗಿಲ್ಲ ಸಣ್ಣಮ್ಮ," ಎಂದು ನನಗೆ ಹೇಳುತ್ತಿದ್ದರು ಮೇಡಂ. ಅನ್ನದ ಡಬರಿ ಪಕ್ಕದಲ್ಲಿ ಕೂತು ತಮ್ಮ ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾ. "ಕೇಳಿದ್ರೆ ಕೊಬ್ಬು ಅಂತಾರೆ."

ಅಂಥ ಕಣ್ಣಿನಲ್ಲಿ ಪಾಠ ಹೇಗೆ ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಶಾಲೆಗೆ ಯಾವಾಗಲೋ ಬಂದಿದ್ದ ಒಂದು ಲ್ಯಾಪ್‌ಟಾಪ್ ಇತ್ತು. ಎಲ್ಲ ಕಡೆ ಇರುವ ವಿಂಡೋಸ್ ಬದಲು ಅದರಲ್ಲಿ ಲಿನಕ್ಸ್ ಎಂಬುದಿತ್ತು. ನಮ್ಮ ಶಾಲೆಯಲ್ಲಿ ಯಾರಿಗೂ ಅದರ ಗಂಧ ಗೊತ್ತಿರಲಿಲ್ಲವಾದ್ದರಿಂದ ಅದು ಬೀರುವಿನಲ್ಲೇ ಕೂತಿತ್ತು. ಮುಚ್ಚಿಹೋಗಿದ್ದ ಕಂಪ್ಯೂಟರ್ ರೂಮಿನಲ್ಲಿ ಒಂದು ದೊಡ್ಡ ಮಾನಿಟರ್ ಬಾವಲಿ ಹಿಕ್ಕೆಯ ನಡುವೆ ಬಿದ್ದಿತ್ತು. ಮೇಡಂ ಎರಡನ್ನೂ ಹೊರತೆಗೆದು, ಒರೆಸಿ, ವೈರು ಹಾಕಿ ಜೋಡಿಸಿದರು. ಗಣಿತದ ಪುಸ್ತಕವನ್ನು ಅದರಲ್ಲಿ ತುಂಬಿಕೊಂಡು, ಒಂದೊಂದು ಅಂಕಿಯನ್ನೂ ಅಂಗೈಯಗಲ ಮಾಡಿ ದೊಡ್ಡ ಪರದೆಗೆ ತರುತ್ತಿದ್ದರು. ಅಷ್ಟು ದೊಡ್ಡದಾದರೆ ಕಣ್ಣಂಚಿನಿಂದ ಅವರಿಗೆ ಓದಲಾಗುತ್ತಿತ್ತು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಅಷ್ಟು ಹಿಗ್ಗಿಸಿದರೆ ಒಂದು ಲೆಕ್ಕಕ್ಕೆ ನಾಲ್ಕು ಸಲ ಆಚೀಚೆ ಸರಿಸಬೇಕು. ಮೊದಲ ಅಂಕಿ ನೆನಪಿರುವಷ್ಟರಲ್ಲಿ ಕೊನೆಯದು ಓಡಿಹೋಗಿರುತ್ತಿತ್ತು.

ಆ ಪರದೆ ಹತ್ತನೇ ಕ್ಲಾಸಿನಲ್ಲಿ ಬೋರ್ಡಿನ ಪಕ್ಕ ಮೇಜಿನ ಮೇಲೆ ಕೂತಿತ್ತು. ಆ ವರ್ಷ ನಿಮ್ಮವ್ವ ಆ ಕ್ಲಾಸಿನಲ್ಲಿದ್ದಳು. ಗಿರಿಜನರ ಹಾಡಿಯಿಂದ ಕಾಡಿನ ಅಂಚು ಹಿಡಿದು ನಡೆದು ಬರುತ್ತಿದ್ದ ಮಕ್ಕಳು ಹಿಂದಿನ ಬೆಂಚು ಬಿಟ್ಟು ಮುಂದೆ ಬರುತ್ತಿರಲಿಲ್ಲ. ಅವರಿಗೆ ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಮೇಡಂ ಬಿಟ್ಟರೆ ಶಾಲೆಗೆ ಬೇರೆ ಗಣಿತದ ಟೀಚರ್ ಇರಲಿಲ್ಲ. ಪರದೆ ಹೋದರೆ ಮೇಡಂಗೆ ಕ್ಲಾಸಿಲ್ಲ, ಮೇಡಂ ಹೋದರೆ ಆ ಮಕ್ಕಳಿಗೆ ಗಣಿತವಿಲ್ಲ. ಇಷ್ಟೇ ವಿಷಯ.

ದಸರಾ ರಜೆ ಮುಗಿಸಿ ಬಂದ ದಿನ ಲ್ಯಾಪ್‌ಟಾಪು ಏನೋ ಹೊಸದು ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತಂತೆ. ಮೇಡಂ ಹೂಂ ಎಂದು ಒತ್ತಿದರು. ಅಲ್ಲಿಂದ ಶುರುವಾಯಿತು. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವಾಗಲೂ ತೆಗೆಯುವಾಗಲೂ ಕರೆಂಟು ಒಂದು ಸಲ ಕಣ್ಣು ಮಿಟುಕಿಸುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಅದಕ್ಕೆ ಏನೂ ಗೊತ್ತಾಗದು. ದೊಡ್ಡ ಪರದೆ ಮಾತ್ರ ಕಪ್ಪಾಗಿ, ಕರೆಂಟು ಬಂದ ಕೂಡಲೇ ಮತ್ತೆ ಬೆಳಗುತ್ತಿತ್ತು. ಈಗ ಹಾಗಾಗಲಿಲ್ಲ. ಕರೆಂಟು ವಾಪಸು ಬಂದು ಪರದೆ ಏಳಲು ಹೋದ ಗಳಿಗೆಗೆ ಸರಿಯಾಗಿ ಲ್ಯಾಪ್‌ಟಾಪೇ ಮರಗಟ್ಟಿ ನಿಲ್ಲುತ್ತಿತ್ತು. ಬಾಣ ಅಲ್ಲಾಡದು, ಯಾವ ಗುಂಡಿಗೂ ಜವಾಬಿಲ್ಲ, ಒಳಗಿನ ಫ್ಯಾನು ಮಾತ್ರ ಮಿಕ್ಸಿಯ ಹಾಗೆ ಕಿರುಚುತ್ತಿತ್ತು. ಗುಂಡಿ ಅದುಮಿ ಹಿಡಿದು ಪೂರ್ತಿ ಆರಿಸಿ ಮತ್ತೆ ಎಬ್ಬಿಸಬೇಕು. ಎಬ್ಬಿಸುವಷ್ಟರಲ್ಲಿ ಪಿರಿಯಡ್ಡೇ ಮುಗಿಯುತ್ತಿತ್ತು. ದೊಡ್ಡ ಪರದೆಯ ವೈರು ಕಿತ್ತರೆ ಲ್ಯಾಪ್‌ಟಾಪು ಒಂದು ದಿನವೂ ಹಾಗೆ ಮರಗಟ್ಟುತ್ತಿರಲಿಲ್ಲ.

ಮೈಸೂರಿನಿಂದ ಒಬ್ಬ ರಿಪೇರಿಯವನನ್ನು ಕರೆಸಿದರು. ಅವನು ವೈರು ಎಳೆದ, ಹಾಕಿದ, ಲ್ಯಾಪ್‌ಟಾಪು ನಿಂತಿತು. ಮತ್ತೆ ಎಬ್ಬಿಸಿ ವೈರಿಲ್ಲದೆ ನೋಡಿದ, ಚೆನ್ನಾಗಿ ನಡೆಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡ.

"ಲ್ಯಾಪ್‌ಟಾಪ್ ಸೂಪರಾಗಿದೆ ಮೇಡಂ. ವೈರ್ ಹಾಕ್ಬೇಡಿ, ಅಷ್ಟೇ."

"ಬಾಗ್ಲು ತೆಗುದ್ರೆ ಮನೆ ಬೀಳ್ತದೆ ಕಣಪ್ಪ ಅಂದ್ರೆ, ಬಾಗ್ಲು ತೆಗೀಬ್ಯಾಡಿ ಅಂತೀಯಲ್ಲ!" ಮೇಡಂ ಎದ್ದು ನಿಂತರು. "ಒಳಗೇ ಸಾಯ್ಲಾ ನಾನು? ಮನೆ ಯಾರು ಸರಿ ಮಾಡೋರು?"

"ಇದು ಲಿನಕ್ಸ್ ಮೇಡಂ. ಇದರಲ್ಲಿ ಹಂಗೇ. ತೆಗೆದುಹಾಕಿ ವಿಂಡೋಸ್ ಹಾಕ್ಸಿ."

"ನಾನು ಕೇಳಿದ್ದು ಇದಕ್ಕೆ ಏನಾಗಿದೆ ಅಂತ. ಇದು ಬ್ಯಾಡ ಅಂತ ನಾನೇಳಿದ್ನಾ?"

ಅವನು ಹೆಡ್‌ಮಾಸ್ಟರ ಕಡೆ ನೋಡಿ ನಕ್ಕ. ಅವರೂ ನಕ್ಕರು. ಆ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಚ್ಚು ಹೆಂಗಸರನ್ನು ಕಂಡು ಗಂಡಸರು ಒಬ್ಬರಿಗೊಬ್ಬರು ನಗುವ ನಗು. ನಾನು ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದೆ.

ಆ ದಿನ ಮೇಡಂ ಅಡುಗೆಮನೆಗೆ ಬಂದು ಸೌದೆ ಮೇಲೆ ಕೂತರು. ಫೋನನ್ನು ಮೂಗಿಗೆ ತಾಗಿಸಿ ಹಿಡಿದು ಓದುತ್ತಿದ್ದರು. ಅವರು ಓದುವುದನ್ನು ದೂರದಿಂದ ನೋಡಿದರೆ ಫೋನಿನ ವಾಸನೆ ನೋಡುತ್ತಿದ್ದಾರೆ ಎನ್ನಬೇಕು. "ಇದೇ ತೊಂದರೆ ಎಲ್ಲೆಲ್ಲೋ ಇದೆಯಂತೆ ಸಣ್ಣಮ್ಮ," ಎಂದರು. "ಎಲ್ಲಾ ದೇಶದಲ್ಲೂ ಜನ ಬರ್ಕೊಂಡವ್ರೆ. ಚಿತ್ರ ಮೂಡ್ಸೋಕೆ ಒಳಗೆ ಒಂದು ಚಿಪ್ ಇರುತ್ತೆ. ಅದನ್ನ ನಡ್ಸೋ ಪ್ರೋಗ್ರಾಮಿಗೂ ಹೊಸದಾಗಿ ಬಂದಿರೋದಕ್ಕೂ ಹೊಂದಿಕೆ ಆಗ್ತಿಲ್ಲ. ಹೊರಗಡೆ ಸ್ಕ್ರೀನು ಎದ್ದ ತಕ್ಷಣ ಎರಡೂ ಕಿತ್ತಾಡಿ ಸಾಯ್ತವೆ. ಅದಕ್ಕೆ ಬುದ್ಧಿವಂತರು ಏನು ಉತ್ತರ ಕೊಟ್ಟವ್ರೆ ಗೊತ್ತಾ? ಹೊರಗಿನ ಸ್ಕ್ರೀನು ತೆಗೀರಿ ಅಂತ!" ಫೋನನ್ನು ಅಕ್ಕಿ ಮೂಟೆ ಮೇಲೆ ಬಿಸಾಡಿದರು. ನಾನು ಎತ್ತಿಕೊಟ್ಟೆ. ಮತ್ತೆ ಓದಿದರು.

ಹೆಡ್‌ಮಾಸ್ಟರು ಅವರನ್ನು ಕರೆದು ಕೂರಿಸಿದರು. ಆ ಮಾತನ್ನೂ ನಾನು ಕೇಳಿಸಿಕೊಂಡೆ. ಟೀ ಕೊಡುವವಳು ಇದ್ದಾಳೆ ಎಂದು ಯಾರೂ ಮಾತು ನಿಲ್ಲಿಸುವುದಿಲ್ಲ.

"ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಪಾಪ, ನಿಮಗೂ ಸಾಕಾಗಿದೆ. ಈ ವಾರದಲ್ಲಿ ಇದು ಸರಿಹೋಗದಿದ್ರೆ ಹತ್ತನೇ ಕ್ಲಾಸು ಬಿಟ್ಟುಬಿಡಿ. ಅತಿಥಿ ಶಿಕ್ಷಕರು ಯಾರಾದರೂ ಬರ್ತಾರೆ. ನೀವು ಆರಾಮಾಗಿ ಹಾಲಿನ ಪುಡಿ ಪ್ಯಾಕೆಟ್ಟು, ಸೈಕಲ್ಲು ಹಂಚೋದನ್ನ ನೋಡ್ಕೊಳ್ಳಿ."

"ಪ್ಯಾಕೆಟ್ಟಿನ ಮೇಲೆ ತಾರೀಕು ಇರುವೆ ಸಾಲಿನ ಥರ ಬರ್ದಿರ್ತಾರೆ. ಅದನ್ನ ಓದೋಕೆ ಕಣ್ಣು ಬ್ಯಾಡ್ವಾ ಸಾರ್?"

"ಅಯ್ಯೋ, ಕೋಪ ಮಾಡ್ಕೋಬೇಡಿ."

"ಕೋಪ ಅಲ್ಲದೆ ಇನ್ನೇನ್ ಮಾಡ್ಕೊಳ್ಲಿ? ಅತಿಥಿ ಯಾರು ಬರ್ತಾರೆ, ಹೆಸ್ರು ಹೇಳಿ. ಕಾಡಂಚಿನ ಶಾಲೆಗೆ ಯಾರು ಬಂದವ್ರೆ ಇಲ್ಲೀಗಂಟ?"

ಹೆಡ್‌ಮಾಸ್ಟರು ಟೀ ಕುಡಿದರು.

ದಾರಿ ಸಿಕ್ಕಿದ್ದು ಬಸ್ಸಿನಲ್ಲಿ. ಎನ್. ಬೇಗೂರಿನ ಕಡೆಯಿಂದ ಕೇರಳಕ್ಕೆ ಗಡಿ ದಾಟುವವರು ಆ ಬಸ್ಸಿಗೆ ಹತ್ತುತ್ತಿದ್ದರು. ಮೇಡಂ ಪಕ್ಕದವರ ಹತ್ತಿರ ಈ ಲ್ಯಾಪ್‌ಟಾಪನ್ನು ಬಯ್ಯುತ್ತಾ ಕೂತಿದ್ದರಂತೆ. ಹಿಂದಿನ ಸೀಟಿನಿಂದ ಒಬ್ಬರು ಬಗ್ಗಿ, "ಟೀಚರೇ, ಲಿನಕ್ಸಾ?" ಎಂದರಂತೆ. ಅವರು ವಯನಾಡಿನ ಒಂದು ಶಾಲೆಯ ಮಾಸ್ಟರು. ಗಡಿಯಾಚೆ ಅವರ ಶಾಲೆಗಳಲ್ಲೆಲ್ಲ ಲಿನಕ್ಸೇ; ಅಲ್ಲಿ ಅದು ನಮ್ಮ ರಾಗಿ ಮುದ್ದೆಯಷ್ಟು ಮಾಮೂಲು. ಮೈಸೂರಿನವನು ಇದರಲ್ಲಿ ಹಂಗೇ ಎಂದು ಕೈ ತೊಳೆದುಕೊಂಡದ್ದನ್ನು ಇವರು ಒಂದೇ ಮಾತಲ್ಲಿ ಹಿಡಿದರು. "ಹೊಸದು ಹಾಕಿದ ಮೇಲೆ ಅಲ್ವಾ ಟೀಚರೇ? ಹಳೇದು ಹೋಗಿಲ್ಲ. ಒಳಗೇ ಉಂಟು. ಎಬ್ಬಿಸೋವಾಗ ಹಳೇದರಲ್ಲಿ ಎಬ್ಬಿಸಿ."

ಮಾರನೆಯ ಬೆಳಿಗ್ಗೆ ಮೇಡಂ ನನ್ನನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದರು. ಶಾಲೆಯಲ್ಲಿ ಆ ಹೊತ್ತಿಗೆ ಇದ್ದವರು ನಾವಿಬ್ಬರೇ. ಒಲೆ ಹಚ್ಚುತ್ತಿದ್ದೆ.

"ಸಣ್ಣಮ್ಮ, ನಿಮಗೆ ಇಂಗ್ಲಿಷ್ ಅಕ್ಷರ ಬರ್ತದಾ?"

"ಅಕ್ಷರ ಬತ್ತವೆ ಮೇಡಂ. ಸೇರ್ಸಿ ಓದಕ್ಕೆ ಬರಲ್ಲ."

"ಸೇರ್ಸೋದು ನನ್ ಕೆಲ್ಸ. ಬನ್ನಿ."

ವಿಷಯ ಇಷ್ಟು. ಲ್ಯಾಪ್‌ಟಾಪು ಏಳುವ ಮೊದಲು ಒಂದು ಪಟ್ಟಿ ತೋರಿಸುತ್ತದೆ, ಯಾವುದರಲ್ಲಿ ಏಳಲಿ ಎಂದು. ಆ ಪಟ್ಟಿ ದೊಡ್ಡ ಪರದೆಗೆ ಬರುತ್ತಿರಲಿಲ್ಲ. ಸಣ್ಣ ಪರದೆಯಲ್ಲಿ, ಕಪ್ಪು ನೆಲದ ಮೇಲೆ, ಸಾಸಿವೆ ಚೆಲ್ಲಿದ ಹಾಗೆ ಬಿಳಿ ಅಕ್ಷರ. ಹಿಗ್ಗಿಸಲು ಬರುವುದಿಲ್ಲ. ಮೇಡಂಗೆ ಅದು ಬರೀ ಕಪ್ಪು. ಬೇರೆ ಟೀಚರುಗಳನ್ನು ಕೇಳಿದರೆ ಆಫೀಸಿಗೆ ಸುದ್ದಿ ಹೋಗುತ್ತದೆ. ಮಕ್ಕಳನ್ನು ಕರೆಯಲು ಅವರಿಗೆ ಇಷ್ಟವಿರಲಿಲ್ಲ. "ನಮ್ ಮಿಸ್ಸು ನಾಳೆ ಇರ್ತಾರೋ ಇಲ್ವೋ ಅಂತ ಅವು ಪರೀಕ್ಷೆ ವರ್ಷದಲ್ಲಿ ಯಾಕೆ ಯೋಚ್ನೆ ಮಾಡ್ಬೇಕು?" ಎಂದರು.

ವಯನಾಡಿನ ಮಾಸ್ಟರು ಫೋನಿನಲ್ಲಿದ್ದರು. ಲ್ಯಾಪ್‌ಟಾಪು ಎಬ್ಬಿಸಿದೆವು. ಪಟ್ಟಿ ಬಂತು. ನಾನು ಒಂದೊಂದೇ ಅಕ್ಷರ ಓದುತ್ತಾ ಹೋದೆ. ಮೊದಲ ಸಾಲು ಮುಗಿಯುವುದರೊಳಗೆ ಪಟ್ಟಿಯೇ ಮಾಯವಾಗಿ ಲ್ಯಾಪ್‌ಟಾಪು ತನ್ನ ಪಾಡಿಗೆ ಹೊಸದರಲ್ಲಿ ಎದ್ದುಬಿಟ್ಟಿತು.

"ಏನ್ರೀ, ಮದುವೆ ಮಂತ್ರ ಹೇಳ್ದಂಗೆ ಹೇಳ್ತೀರಲ್ಲ!" ಮೇಡಂ ಮೇಜು ಗುದ್ದಿದರು.

"ಅದು ಓಡೋದ್ರೆ ನಾನೇನ್ ಮಾಡ್ಲಿ ಮೇಡಂ?"

ಫೋನಿನಲ್ಲಿ ಮಾಸ್ಟರು ನಗುತ್ತಿದ್ದರು. "ಟೀಚರೇ, ಕೆಳಗಿನ ಬಾಣದ ಗುಂಡಿ ಒಂದ್ಸಲ ಒತ್ತಿ. ಆಮೇಲೆ ಅದು ಕಾಯ್ತದೆ. ಅಮ್ಮನಿಗೆ ಬೈಬೇಡಿ."

ಬಾಣ ಒತ್ತಿದ ಮೇಲೆ ಕಾಯಿತು. ಎಲ್ಲ ಸಾಲುಗಳೂ ಒಂದೇ ಥರ, ಕೊನೆಯ ಅಂಕಿ ಮಾತ್ರ ಬೇರೆ. ದೊಡ್ಡ ಅಂಕಿಯದು ಹೊಸದು, ಸಣ್ಣ ಅಂಕಿಯದು ಹಳೆಯದು. ಸಣ್ಣದನ್ನು ಹುಡುಕಿ ಹೇಳಿದೆ, ಮೇಡಂ ಒತ್ತಿದರು. ಪರದೆಯ ತುಂಬ ಅಕ್ಷರಗಳ ಸಾಲು ಸುರಿದು, ಎಲ್ಲೋ ಹೋಗಿ ನಿಂತು, ಚಿತ್ರವೇ ಬರಲಿಲ್ಲ. ಮಾಸ್ಟರು ಆ ಸಾಲಿನಲ್ಲಿ ಇನ್ನೇನಾದರೂ ಇತ್ತೇ ಎಂದು ಕೇಳಿದರು.

"ಕಡೇಲಿ ಕಂಸದೊಳಗೆ ಏನೋ ಇತ್ತು," ಎಂದೆ. ನಮ್ಮ ಊರ ಶಾಲೆಯ ಮೇಷ್ಟ್ರು, ಗಟ್ಟಿಯಾಗಿ ಓದುವಾಗ ಕಂಸದೊಳಗಿನದನ್ನು ಬಿಟ್ಟು ಓದಬೇಕು ಎಂದು ಕಲಿಸಿದ್ದರು. ಹಾಗೇ ಬಿಟ್ಟಿದ್ದೆ. ಆ ಕಂಸವಿದ್ದ ಸಾಲು ಲ್ಯಾಪ್‌ಟಾಪು ಕೆಟ್ಟುಹೋದಾಗ ರಿಪೇರಿಗೆಂದು ಇಟ್ಟದ್ದಂತೆ.

"ಕಂಸ ಬಿಟ್ರಾ!" ಮೇಡಂ ಕೂಗಿದ ಕೂಗಿಗೆ ಹೊರಗೆ ಹುಣಸೆಮರದ ಕಾಗೆಗಳು ಎದ್ದವು. "ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದ್ಲು ಮಾಡೋದೇ ಕಂಸದೊಳಗಿನ್ದು ಕಣ್ರೀ! ಯಾವನ್ರೀ ನಿಮ್ ಮೇಷ್ಟ್ರು? ಅರ್ಥ ನೋಡ್ಬೇಡಿ, ಬೇಕೋ ಬ್ಯಾಡ್ವೋ ಅಂತ ನೋಡ್ಬೇಡಿ. ಇದ್ದಂಗೇ ಓದಿ!"

ನನಗೆ ಅಳು ಬಂದಿತ್ತು. ಆದರೂ ಇದ್ದ ಹಾಗೇ ಓದಿದೆ. ಕಂಸವಿಲ್ಲದ ಸಾಲು ಸಿಕ್ಕಿತು. ಒತ್ತಿದರು. ಸಣ್ಣ ಪರದೆ ಬೆಳಗಿತು, ಅದರ ಹಿಂದೆಯೇ ದೊಡ್ಡದು. ಮೇಡಂ ವೈರು ಎಳೆದರು, ಮತ್ತೆ ಹಾಕಿದರು. ಪರದೆ ಹೋಗಿ ಬಂತು. ಮತ್ತೆ ಎಳೆದು ಹಾಕಿದರು. ಮತ್ತೆ ಬಂತು. ಫೋನಿನ ಆ ಕಡೆ ಮಾಸ್ಟರು, "ಬಂತಾ? ಬಂತಾ ಟೀಚರೇ?" ಎನ್ನುತ್ತಿದ್ದರು. ಮೇಡಂ ಮುಖವನ್ನು ಪಕ್ಕಕ್ಕೆ ತಿರುಗಿಸಿ ನನ್ನ ಕಡೆಯೇ ನೋಡುತ್ತಾ ನಿಂತಿದ್ದರು. ಕೊನೆಗೆ ನಾನೇ ಫೋನಿಗೆ ಬಾಯಿ ಹಚ್ಚಿ, "ಬಂತು ಸಾರ್," ಎಂದೆ.

ಮುಂದೆ ದಿನವೂ ಅದೇ ಕೆಲಸ. ಒಲೆ ಹಚ್ಚುವ ಮೊದಲು ಲ್ಯಾಪ್‌ಟಾಪು ಎಬ್ಬಿಸಬೇಕು. ನಾನು ಓದುವುದು, ಅವರು ಒತ್ತುವುದು. ಬಯ್ಯುವುದನ್ನು ಅವರು ನಿಲ್ಲಿಸಲಿಲ್ಲ. ನನ್ನ ಓದು ನಿಧಾನವೆಂದು, ನಾನು ಕೈಗೆ ಹತ್ತಿದ ಮಸಿಯನ್ನು ಪರದೆಗೆ ಹತ್ತಿಸುತ್ತೇನೆಂದು. ಒಂದು ದಿನವೂ ಥ್ಯಾಂಕ್ಸ್ ಎನ್ನಲಿಲ್ಲ. ಸಹಾಯ ಕೇಳುವಾಗ ಹಲ್ಲುಗಿಂಜುವುದು ಅವರಿಗೆ ಗೊತ್ತಿರಲಿಲ್ಲ, ನನಗೆ ಅದು ಹಿಡಿಸಿತ್ತು. ನಾನು ಹುಟ್ಟಿದಾಗಿನಿಂದ ಎಲ್ಲರಿಗೂ ಹಲ್ಲುಗಿಂಜಿಕೊಂಡೇ ಬಂದವಳು. ಮುಂದೆ ಆ ಮಾಸ್ಟರು, ತಾನಾಗಿಯೇ ಹಳೆಯದರಲ್ಲಿ ಏಳುವ ಹಾಗೆ ಮಾಡುವುದನ್ನೂ ಹೇಳಿಕೊಟ್ಟರು. ಆಮೇಲೆ ನನ್ನ ಓದು ಬೇಕಾಗಲಿಲ್ಲ. ಆದರೂ ಬೆಳಿಗ್ಗೆ ಮೇಡಂ, "ಏನ್ ಬರ್ದದೆ, ಓದಿ," ಎಂದು ಯಾವುದಾದರೂ ಪುಸ್ತಕ ಮುಂದೆ ಹಿಡಿಯುತ್ತಿದ್ದರು. ಸೇರಿಸಿ ಓದಲು ಕಲಿತದ್ದು ಹಾಗೆ.

ಗಡುವಿನ ಆ ವಾರದ ಕೊನೆಗೆ ಮೇಡಂ ಹೆಡ್‌ಮಾಸ್ಟರನ್ನು ಕ್ಲಾಸಿಗೆ ಕರೆದರು. ನನಗೆ, "ಸಣ್ಣಮ್ಮ, ಮೇನ್ ಇಳ್ಸಿ," ಎಂದರು. ವರಾಂಡದ ಸ್ವಿಚ್ಚು ಇಳಿಸಿದೆ. ಪರದೆ ಕಪ್ಪಾಯಿತು. "ಏರ್ಸಿ." ಏರಿಸಿದೆ. ಪರದೆ ಬಂತು, ಲೆಕ್ಕ ಅಲ್ಲೇ ಇತ್ತು. ಇನ್ನೊಂದು ಸಲ ಇಳಿಸಿ ಏರಿಸಿದೆ. ಹೆಡ್‌ಮಾಸ್ಟರು ನಿಜವಾಗಿ ಸಂತೋಷಪಟ್ಟರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಭೇಷ್ ಮೇಡಂ! ಅದ್ಭುತ! ಇನ್ನು ಇದು ಆಫೀಸಿಗೆ ಬಹಳ ಉಪಯೋಗವಾಗುತ್ತೆ. ಸಣ್ಣ ಸ್ಕ್ರೀನಲ್ಲಿ ಕೂತು ಕೂತು ನನ್ನ ಕುತ್ತಿಗೆ ನೋವು."

ಮೇಡಂಗೆ ಅರ್ಥವಾಗಲಿಲ್ಲ. ನನಗೂ.

"ನಿಮ್ಮನ್ನ ಕ್ಲಾಸಿಂದ ಬಿಡಿಸೋಕೆ ಮೇಲಕ್ಕೆ ಬರೆದುಕಳಿಸಿ ಆಗೋಗಿದೆ ಮೇಡಂ," ಎಂದರು, ಅದೇ ದನಿಯಲ್ಲಿ. "ಪಾಪ, ಇನ್ನೂ ಎಷ್ಟು ದಿನ ಒದ್ದಾಡ್ತೀರಿ? ರೆಸ್ಟ್ ತಗೊಳ್ಳಿ."

ಶನಿವಾರ ಮಧ್ಯಾಹ್ನ ಮೇಡಂ ಬಸ್ಸಿಗೆ ಹೋದ ಮೇಲೆ ಪರದೆಯನ್ನು ಹೊತ್ತೊಯ್ದು ಆಫೀಸಿನ ಮೇಜಿನ ಮೇಲೆ ಇಟ್ಟರು. ಯೋಚನೆ ಮಾಡಿ ನೋಡಿ, ಮಕ್ಕಳೇ. ಅದು ಕೆಟ್ಟಿದ್ದಾಗ ಮೇಡಂ ಕಣ್ಣಿನ ದೋಷ. ಸರಿಹೋದ ಕೂಡಲೇ ಹೆಡ್‌ಮಾಸ್ಟರ ಕುತ್ತಿಗೆಯ ಔಷಧಿ. ಇದನ್ನೇ ಅವರು ಮೊನ್ನೆ ಮೈಕಿನಲ್ಲಿ ಸಹಕಾರ ಎಂದದ್ದು.

ಸೋಮವಾರ ಮೂರನೇ ಪಿರಿಯಡ್ಡು ಹೊಡೆದಿತ್ತು. ಅನ್ನಕ್ಕೆ ಅಕ್ಕಿ ಹಾಕಿ, ಹೆಡ್‌ಮಾಸ್ಟರಿಗೆ ಟೀ ತೆಗೆದುಕೊಂಡು ಹೋಗಿದ್ದೆ. ಮೇಡಂ ಆಫೀಸಿನೊಳಗೆ ಬಂದರು. ಮೇಜಿನ ಮುಂದೆ ನಿಂತು ಹೆಡ್‌ಮಾಸ್ಟರ ಮುಖಕ್ಕೆ ನೆಟ್ಟಗೆ ಮುಖ ಕೊಟ್ಟರು. ಅಂದರೆ ಅವರನ್ನು ನೋಡಲೇ ಇಲ್ಲ.

"ಸ್ಕ್ರೀನ್ ತಗೊಂಡೋಗ್ತಿದ್ದೀನಿ."

"ಕೂತ್ಕೊಳ್ಳಿ ಮೇಡಂ, ಟೀ ಕುಡೀರಿ. ಮಾತಾಡೋಣ."

"ಮಾತು ನೀವು ಮೇಲಕ್ಕೆ ಬರ್ದು ಕಳ್ಸಿದೀರಲ್ಲ," ಎಂದು ತಡವಿ ವೈರು ಕಿತ್ತರು, ಪರದೆಯನ್ನು ತಬ್ಬಿಕೊಂಡು ಎತ್ತಿದರು. ಅದು ಅವರ ಎದೆಯಿಂದ ಹಣೆಯವರೆಗೆ ಬಂತು. ಅವರಿಗೆ ಉಳಿದಿದ್ದುದು ಕಣ್ಣಿನ ಅಂಚು ಮಾತ್ರ. ಆ ಅಂಚೂ ಪರದೆಯ ಹಿಂದೆ ಮುಚ್ಚಿಹೋಯಿತು. ಹಾಗೇ ಬಾಗಿಲ ಕಡೆ ಹೆಜ್ಜೆ ಇಟ್ಟರು. ಹೊಸಲಿಗೆ ಎಡವಿದರೆ ಪರದೆಯೂ ಹೋಗುತ್ತಿತ್ತು, ಅವರೂ.

ನಾನು ಟೀ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಅವರ ಮುಂದೆ ಹೋದೆ. "ಹೊಸ್ಲು ಮೇಡಂ," ಎಂದೆ. ದನಿಯೇ ಬರಲಿಲ್ಲ.

"ಕೇಳ್ಸಲ್ಲ!" ಎಂದರು ಪರದೆಯ ಹಿಂದಿನಿಂದ.

"ಹೊಸ್ಲು!"

ದಾಟಿದರು. ಹೆಡ್‌ಮಾಸ್ಟರು ಹಿಂದೆ ಬಂದರು. "ಸಣ್ಣಮ್ಮ, ನಿಮಗ್ಯಾಕೆ ಇದೆಲ್ಲ? ಹೋಗಿ ಒಲೆ ನೋಡಿ."

ಅದನ್ನು ಕೇಳಿದ ಮೇಲೆ ನನಗೆ ಏನಾಯಿತೋ. "ಮೆಟ್ಲು!" ಎಂದು ಕಿರುಚಿದೆ. "ಇನ್ನೊಂದು ಮೆಟ್ಲು! ಎಡಕ್ಕೆ ಬನ್ನಿ, ನಲ್ಲಿ ಕಲ್ಲು ಅದೆ! ನೇರುಕ್ಕೆ! ನೇರುಕ್ಕೆ ಬನ್ನಿ ಮೇಡಂ!" ಶಾಲೆಯ ಅಂಗಳ ದಾಟುವವರೆಗೆ ಕೂಗಿದೆ. ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸು ಕಿಟಕಿಗೆ ಬಂದವು. ಗೋಡೆಗೆ ಬಡಿದು ವಾಪಸು ಬಂದ ಆ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಹೊಲದಲ್ಲಿ ಹಂದಿ ಓಡಿಸುವಾಗಲೂ ನಾನು ಹಾಗೆ ಕೂಗಿದವಳಲ್ಲ.

ಹತ್ತನೇ ಕ್ಲಾಸಿನಲ್ಲಿ ನಿಮ್ಮವ್ವ ಎದ್ದು ಮೇಜು ಎಳೆದಳು. ಮೇಡಂ ಪರದೆ ಇಟ್ಟು, ಬೆರಳಿನಿಂದ ತೂತು ಹುಡುಕಿ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದರು. ಲೆಕ್ಕ ಮೂಡಿತು. ಅಷ್ಟರಲ್ಲಿ ತ್ರೀ ಫೇಸ್ ಬದಲಾಗುವ ಹೊತ್ತು, ಕರೆಂಟು ಮಿಟುಕಿತು. ಪರದೆ ಕಪ್ಪಾಯಿತು. ಬಾಗಿಲಲ್ಲಿ ಹೆಡ್‌ಮಾಸ್ಟರೂ ನಿಂತಿದ್ದರು. ಕರೆಂಟು ಬಂತು, ಪರದೆಯೂ ಬಂತು. ಹಿಂದಿನ ಬೆಂಚಿನ ಹಾಡಿ ಮಕ್ಕಳು ಚಪ್ಪಾಳೆ ಹೊಡೆದರು.

"ಚಪ್ಪಾಳೆ ಏನಕ್ಕೆ?" ಎಂದರು ಮೇಡಂ ಸಿಟ್ಟಿನಲ್ಲಿ. "ಸ್ಕ್ರೀನ್ ಬಂತು. ಲೆಕ್ಕ ಬಂತಾ ನಿಮಗೆ? ಬರ್ಕೊಳಿ."

ಹೆಡ್‌ಮಾಸ್ಟರು ಅದಕ್ಕೊಂದು ನೋಟೀಸು ಕೊಟ್ಟರು. ಮೇಡಂ ಅದನ್ನು ಮೂಗಿಗೆ ಹಿಡಿದು ನೋಡಿ, "ಅಕ್ಷರ ಸಣ್ಣದಾಯ್ತು ಸಾರ್, ದಪ್ಪಕ್ಕೆ ಬರೆಸಿ ಕೊಡಿ," ಎಂದು ವಾಪಸು ಕೊಟ್ಟರು. ದಪ್ಪದ್ದು ಬರಲಿಲ್ಲ. ಮೇಲಕ್ಕೆ ಹೋದ ಕಾಗದಕ್ಕೂ ಉತ್ತರ ಬರಲಿಲ್ಲ, ಅತಿಥಿಯೂ ಬರಲಿಲ್ಲ. ನಿವೃತ್ತರಾಗುವ ತನಕ ಹತ್ತನೇ ಕ್ಲಾಸಿಗೆ ಅವರೇ ಗಣಿತ ಹೇಳಿದರು, ಅದೇ ಪರದೆಯಲ್ಲಿ. ನಿಮ್ಮವ್ವ ಇವತ್ತು ಪಿರಿಯಾಪಟ್ಟಣದಲ್ಲಿ ನರ್ಸಾಗಿ ಮಗುವಿನ ತೂಕ ನೋಡಿ ಔಷಧಿಯ ಅಳತೆ ಹಾಕುವಾಗ ಎರಡೆರಡು ಸಲ ಗುಣಿಸಿ ನೋಡುತ್ತಾಳಲ್ಲ, ಅದು ಆ ಕ್ಲಾಸಿನದು.

ಆ ಸೋಮವಾರದ ಮಾತು ಇನ್ನೂ ಸ್ವಲ್ಪ ಇದೆ. ನಾನು ಅಡುಗೆಮನೆಗೆ ಓಡಿ ಬರುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು. ವಾಸನೆ ವರಾಂಡದವರೆಗೆ ಹೋಗಿತ್ತು. ಮಕ್ಕಳಿಗೆ ಬಡಿಸುವ ಮೊದಲು ಟೀಚರುಗಳಲ್ಲಿ ಒಬ್ಬರು ರುಚಿ ನೋಡಬೇಕೆಂದು ನಿಯಮ. ಆ ದಿನ ಹೆಡ್‌ಮಾಸ್ಟರ ಸರದಿ. ತಟ್ಟೆ ಹಿಡಿದು ಬಂದು ಡಬರಿಯೊಳಗೆ ಇಣುಕಿದರು.

"ಸೀದಿದೆಯಲ್ಲ ಸಣ್ಣಮ್ಮ?"

"ಹೂಂ ಸಾರ್, ಸೀದದೆ."

"ಮಕ್ಕಳಿಗೆ ಇದನ್ನ ಹೇಗೆ ಬಡಿಸ್ತೀರಿ?"

"ಮಕ್ಳಿಗೆ ಮೇಲಿಂದು ಬಡಿಸ್ತೀನಿ ಸಾರ್," ಎಂದೆ. ಕೂಗಿ ಕೂಗಿ ಗಂಟಲು ಒಡೆದಿತ್ತು, ಆದರೂ ಗಟ್ಟಿಯಾಗಿಯೇ ಎಂದೆ. "ತಳದ್ದು ನಿಮ್ದು."

ಸೌಟು ತೆಗೆದುಕೊಂಡು ಡಬರಿಯ ಬುಡದಿಂದ ಕೆರೆದು ಅವರ ತಟ್ಟೆಗೆ ಹಾಕಿದೆ.